ಗುಂಡಿಗೊಂದು ಟಿಕಳಿ

ನಮ್ಮ ಪಡಸಾಲೆಯ ಸ್ವಿಚ್‌ಬೋರ್ಡಿನ ಮೇಲೆ ಒಂದು ಟಿಕಳಿ ಇದೆ. ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಅದೇ ಟಿಕಳಿ, ಮೆರೂನ್ ಬಣ್ಣದ್ದು, ನಡುವೆ ಒಂದು ಸಣ್ಣ ಹರಳು. ಮೊದಲ ಸಲ ಮನೆಗೆ ಬಂದವರು ಅದನ್ನು ನೋಡಿ, ಇವರು ಕರೆಂಟಿಗೂ ಪೂಜೆ ಮಾಡುವ ಜನ ಎಂದುಕೊಳ್ಳುತ್ತಾರೆ. ಒಬ್ಬ ಹಿರಿಯರಂತೂ ಕೈಮುಗಿಯಲು ಹೋಗಿ, ನನ್ನ ಮುಖ ನೋಡಿ, ಮುಗಿಯಲೆತ್ತಿದ ಕೈಯಿಂದ ತಲೆ ತುರಿಸಿಕೊಂಡರು.

ಪೂಜೆಯೂ ಅಲ್ಲ, ಹರಕೆಯೂ ಅಲ್ಲ. ಮನೆ ಕಟ್ಟಿಸುವಾಗ ವೈರಿಂಗ್ ಮಾಡಿದವನು ತನ್ನ ತಂತಿಗೆ ಯಾವುದು ಹತ್ತಿರವೋ ಆ ಪ್ರಕಾರ ಗುಂಡಿಗಳನ್ನು ಜೋಡಿಸಿ ಹೋದ. ಬಾಗಿಲ ಕಡೆಯ ಗುಂಡಿ ಒತ್ತಿದರೆ ಅಡುಗೆಮನೆ ಕಡೆಯ ದೀಪ ಹತ್ತುತ್ತದೆ. ಅಡುಗೆಮನೆ ಕಡೆಯದನ್ನು ಒತ್ತಿದರೆ ಹೊರಗಿನ ಕಟ್ಟೆಯ ದೀಪ. ಕೊಪ್ಪಳದ ಬೇಸಿಗೆ ನಿಮಗೆ ಗೊತ್ತಲ್ಲ. ಮನೆಗೆ ಬಂದವರಿಗೆ ನೀರಿಗಿಂತ ಮೊದಲು ಫ್ಯಾನು ಬೇಕು. ಬಂದವರು ಒಂದೊಂದಾಗಿ ಎಲ್ಲ ಗುಂಡಿ ಒತ್ತುವರು. ಹಾಡುಹಗಲೇ ಮನೆಯೆಲ್ಲ ಗಣಪತಿ ಪೆಂಡಾಲಿನ ಹಾಗೆ ಹತ್ತಿ ಆರಿ ಹತ್ತಿ, ಕಟ್ಟಕಡೆಗೆ ಫ್ಯಾನು ತಿರುಗುವುದು. ಒಂದು ಮಧ್ಯಾಹ್ನ ನನಗೂ ತಲೆಚಿಟ್ಟು ಹಿಡಿದು, ಸ್ನಾನದ ಮೊದಲು ಕನ್ನಡಿಗೆ ಅಂಟಿಸಿದ್ದ ಟಿಕಳಿಯನ್ನು ಕಿತ್ತು ತಂದು ಫ್ಯಾನಿನ ಗುಂಡಿಗೆ ಒತ್ತಿದೆ. ಅಲ್ಲಿಗೆ ಗದ್ದಲ ಮುಗಿಯಿತು. ನಮ್ಮ ಮನೆಯ ಕನ್ನಡಿಯ ಅಂಚಿನಲ್ಲಿ ಯಾವಾಗಲೂ ಹಳೆಯ ಟಿಕಳಿಗಳ ಒಂದು ಸಾಲು ಇರುತ್ತದೆ, ನಿಮ್ಮ ಮನೆಯಲ್ಲೂ ಇರುತ್ತದೆ ಬಿಡಿ.

ಆಗ ನನಗೆ ಗೊತ್ತಿರಲಿಲ್ಲ, ನಾನು ಮಾಡಿದ ಆ ಕೆಲಸಕ್ಕೆ ಒಂದು ದೊಡ್ಡ ಹೆಸರಿದೆ, ಅದನ್ನು ಕಲಿಸುವ ಕೋರ್ಸುಗಳಿವೆ, ಮತ್ತು ಅಂಥದೊಂದು ಕೋರ್ಸನ್ನು ನನ್ನ ತಲೆಗೇ ಕಟ್ಟಲಿದ್ದಾರೆ ಎಂದು.

ನಾನು ಕೊಪ್ಪಳದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತೇನೆ. ಟೈಪಿಂಗು, ಡಿಟಿಪಿ, ಮದುವೆ ಪತ್ರಿಕೆ ಜೋಡಿಸುವುದು, ಇಂಥವು. ಕೇಂದ್ರ ನಡೆಸುವ ನಮ್ಮ ಸರ್ ಒಂದು ದಿನ ಕರೆದು, "ಮೇಡಂ, ಈಗ ಎಲ್ಲಾ ಕಡೆ ಯುಐ-ಯುಎಕ್ಸ್ ಅಂತ ನಡದೈತ್ರಿ, ಮೊಬೈಲು ಆ್ಯಪು ಮಂದಿಗೆ ಬಳಸಾಕ ಸಲೀಸಾಗೂವಂಗ ಮಾಡೋದು. ನಾವೂ ಒಂದು ಬ್ಯಾಚ್ ಶುರು ಮಾಡೋಣು. ನೀವ ಹೇಳ್ರಿ" ಎಂದರು. ನಾನು, "ಸರ್, ನನಗ ಅದು ಬರಂಗಿಲ್ರಿ" ಎಂದೆ. "ಇಲ್ಲಿ ಯಾರಿಗೂ ಬರಂಗಿಲ್ರಿ, ಅದಕ್ಕ ನೀವು" ಎಂದರು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಹಾಗೆ ನಾನು ಗೌಡಸಾನಿಯಾದೆ. ಹಗಲು ಮದುವೆ ಪತ್ರಿಕೆ ಕಲಿಸುತ್ತ, ಉಳಿದ ಹೊತ್ತಿನಲ್ಲಿ ನಾನೇ ವಿಡಿಯೋ ನೋಡಿ ಕಲಿಯುತ್ತ, ಮಕ್ಕಳಿಗಿಂತ ಒಂದು ಪಾಠ ಮುಂದೆ ಓಡುತ್ತಿದ್ದೆ. ಕೆಲವು ದಿನ ಅರ್ಧ ಪಾಠ ಮಾತ್ರ.

ಮೊದಲ ಕ್ಲಾಸು ಮಧ್ಯಾಹ್ನ ಊಟದ ಮೇಲೆ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬಂದ ಹುಡುಗ ಹುಡುಗಿಯರು; ಡಬ್ಬಿಯ ರೊಟ್ಟಿ-ಪಲ್ಯ ಒಳಗಿಳಿದು ಕಣ್ಣಿನ ರೆಪ್ಪೆಯ ಮೇಲೆ ಕುಳಿತಿತ್ತು. ನಾನು ಬೋರ್ಡಿನ ಮೇಲೆ, 'ಯುಎಕ್ಸ್ ಅಂದರೆ ಬಳಕೆದಾರರ ಅನುಭವ' ಎಂದು ಬರೆದು, ಎಲ್ಲಿಂದಲೋ ಬಾಯಿಪಾಠ ಮಾಡಿದ ವ್ಯಾಖ್ಯೆಯನ್ನು ಹೇಳಿದೆ. ಹೇಳುವಾಗ ನನಗೇ ಆಕಳಿಕೆ ಬಂತು. "ಯಾರರ ಫ್ಯಾನ್ ಹಚ್ರಿ" ಎಂದೆ. ಕುಷ್ಟಗಿಯಿಂದ ಬರುವ ರೇಣುಕಾ ಎದ್ದು ಹೋಗಿ ಗುಂಡಿಗಳನ್ನು ಒತ್ತಿದಳು. ಟ್ಯೂಬ್‌ಲೈಟು ಆರಿತು. ಪಕ್ಕದ ಕೋಣೆಯ ಕಂಪ್ಯೂಟರುಗಳು ಆರಿದವು. ಅಲ್ಲಿ ಯಾರೋ "ಏಯ್ ಯಾರಲೇ ಅದು" ಎಂದು ಚೀರಿದರು. ಕೊನೆಗೆ ಫ್ಯಾನು ತಿರುಗಿತು. ರೇಣುಕಾ ನಾಲಿಗೆ ಕಚ್ಚಿಕೊಂಡು, "ತಪ್ಪಾತ್ರಿ ಮೇಡಂ" ಎಂದಳು.

"ತಪ್ಪು ನಿಂದಲ್ಲ" ಎಂದೆ. ಹೇಳಿದ ಮೇಲೆ ಹೊಳೆಯಿತು, ಅರೆ, ಪಾಠ ಇದೇ ಅಲ್ಲವೇ! ಮನುಷ್ಯ ಗುಂಡಿ ತಪ್ಪಿ ಒತ್ತಿದರೆ ಮೊದಲು ಗುಂಡಿಯನ್ನು ಅನುಮಾನಿಸಬೇಕು, ಮನುಷ್ಯನನ್ನಲ್ಲ. ನಮ್ಮ ಮನೆಯ ಟಿಕಳಿಯ ಕತೆ ಹೇಳಿದೆ. ಎಲ್ಲರೂ ಎಚ್ಚರಾದರು. ವ್ಯಾಖ್ಯೆಯನ್ನು ಬೋರ್ಡಿನಿಂದ ಅಳಿಸಿದೆ, ಅದು ಇವತ್ತಿಗೂ ನನಗೆ ಪೂರ್ತಿ ನೆನಪಾಗುವುದಿಲ್ಲ.

ರೇಣುಕಾಳೇ ಮತ್ತೆ ಕೇಳಿದಳು: "ಮೇಡಂ, ಯುಐ ಅಂದ್ರೂ ಯುಎಕ್ಸ್ ಅಂದ್ರೂ ಒಂದ ಏನ್ರಿ?"

"ನೀ ಬೆಳಿಗ್ಗೆ ಬಸ್ಸಿಗೆ ಬರ್ತೀ ಹೌದಿಲ್ಲೋ? ಬಸ್ಸಿನ ಬೋರ್ಡು, ಬಾಗಲಾ, ಹಿಡಕೊಳ್ಳೋ ಸರಳು, ಗಂಟಿ ಹಗ್ಗ, ಕಣ್ಣಿಗೆ ಕಾಣೋದು, ಕೈಗೆ ಸಿಗೋದು ಎಲ್ಲಾ ಯುಐ. ಕೊಪ್ಪಳದಾಗ ಇಳಿದಾಗ ನಿನ್ನ ಸೊಂಟ ಇದ್ದಲ್ಲೇ ಐತೋ ಇಲ್ಲೋ, ನಾಳೆ ಮತ್ತ ಅದ ಬಸ್ ಹತ್ತಬೇಕು ಅನಸ್ತೈತೋ ಇಲ್ಲೋ, ಅದು ಯುಎಕ್ಸ್."

"ಹಂಗಾರ ನಮ್ಮದು ಯುಐ ಛಲೋ ಐತ್ರಿ, ಯುಎಕ್ಸ್ ಭಾಳ ಕೆಟ್ಟೈತ್ರಿ" ಎಂದಳು. ಹಿಂದಿನ ಬೆಂಚಿನಿಂದ ಯಾರೋ, "ಅಕಿಗೆ ಸೀಟ್ ಸಿಕ್ಕಿಲ್ರಿ ಇವತ್ತ" ಎಂದರು. ಕ್ಲಾಸೆಲ್ಲ ನಕ್ಕಿತು.

ಸೀಟಿನ ಮಾತು ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಬಸ್ಸು ಸ್ಟ್ಯಾಂಡಿಗೆ ತಿರುಗುತ್ತಿರುವಾಗಲೇ ಜೊತೆಗೆ ಓಡಿ, ಕಿಟಕಿಯೊಳಗೆ ಟವೆಲ್ಲು ಎಸೆಯುತ್ತೇವಲ್ಲ, ಆ ಟವೆಲ್ಲಿಗೆ ಎಷ್ಟು ಮರ್ಯಾದೆ! ಬಾಗಿಲಲ್ಲಿ ಗುದ್ದಾಡಿ ಹತ್ತಿದ ಮನುಷ್ಯ ಖಾಲಿ ಸೀಟಿನ ಮೇಲೆ ಮಾಸಿದ ಟವೆಲ್ಲು ಕಂಡರೆ ನಿಂತುಬಿಡುತ್ತಾನೆ. ಯಾರೂ ಕಲಿಸಿದ್ದಲ್ಲ, ಎಲ್ಲೂ ಬರೆದಿಲ್ಲ. ಗಂಗಾವತಿಯಲ್ಲಿ, ನನ್ನ ತವರಿನ ಓಣಿಯಲ್ಲಿ, ನಳಕ್ಕೆ ಇಟ್ಟಿಗೆಯ ಪಾಳಿ ಇತ್ತು. ನೀರು ಯಾವಾಗ ಬರುತ್ತದೋ ಗೊತ್ತಿಲ್ಲ. ಕೊಡ ಇಟ್ಟು ಹೋದರೆ ಕೊಡವೇ ಹೋದೀತು. ಅದಕ್ಕೆ ಕೊಡದ ಬದಲು ಒಂದು ಇಟ್ಟಿಗೆ, ಒಂದು ಒಡಕು ಬೋಗುಣಿ, ಒಂದು ತೆಂಗಿನ ಚಿಪ್ಪು. ನಮ್ಮವ್ವನದು ಮೂಲೆ ಮುಕ್ಕಾದ ಕೆಂಪು ಇಟ್ಟಿಗೆ. ಶಾಲೆಗೆ ಹೋಗುವಾಗ ಅದನ್ನು ಕಾಲಿನಿಂದ ಎರಡು ಜಾಗ ಮುಂದಕ್ಕೆ ಸರಿಸಿ ಹೋಗುವುದು ನನ್ನ ಕೆಲಸವಾಗಿತ್ತು. ಪಕ್ಕದ ಮನೆಯವರೂ ಹಾಗೇ ಸರಿಸುತ್ತಿದ್ದರು, ಆದ್ದರಿಂದ ಕೊನೆಗೆ ಪಾಳಿ ಸರಿಯಾಗಿಯೇ ಇರುತ್ತಿತ್ತು. ಇದನ್ನೆಲ್ಲ ಮಕ್ಕಳಿಗೆ ಹೇಳುತ್ತ ಹೋದೆ. ನಮ್ಮ ಸರ್ ಬಾಗಿಲಲ್ಲಿ ನಿಂತು ಕೇಳಿ, "ಸಿಲಬಸ್ಸಿನ್ಯಾಗ ಇಟ್ಟಿಗಿ ಎಲ್ಲಿ ಬರ್ತೈತ್ರಿ?" ಎಂದು ಕೇಳಿ ಹೋದರು.

ಇಷ್ಟೆಲ್ಲ ಹೊರಗೆ ಹೇಳುವವಳ ಮನೆಯಲ್ಲೇ ಒಂದು ಪರೀಕ್ಷೆ ಕಾದಿತ್ತು. ಅದು ನಮ್ಮ ಅತ್ತೆಯದು.

ಅತ್ತೆಯ ಹೆಸರು ನಿಂಗವ್ವ. ಯಲಬುರ್ಗಾದ ಮಗ್ಗುಲಿನ ಹಳ್ಳಿಯವರು, ಮಾವ ತೀರಿಕೊಂಡ ಮೇಲೆ ಕೊಪ್ಪಳದಲ್ಲಿ ನಮ್ಮ ಜೊತೆ ಇದ್ದಾರೆ. ಓದು ಬರಹ ಇಲ್ಲ. ಹಟ ಇದೆ, ಬೇಕಾದಷ್ಟು. ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಮೂಗು ಮುರಿಯುತ್ತಾರೆ, ಹೆಚ್ಚಾದರೆ ನನ್ನ ಕೈಗುಣದ ಮೇಲೆ ಮಾತಾಡುತ್ತಾರೆ. ತಿಂಗಳಿಗೊಮ್ಮೆ ಹುಣ್ಣಿಮೆಗೆ ಹುಲಿಗಿಗೆ ಹೋಗುತ್ತಾರೆ, ಹುಲಿಗೆಮ್ಮನ ದರ್ಶನಕ್ಕೆ. ಮೊದಲು ಓಣಿಯ ಗೆಳತಿಯರು ಜೊತೆಗಿರುತ್ತಿದ್ದರು. ಒಬ್ಬೊಬ್ಬರ ಮೊಣಕಾಲೂ ಕೈಕೊಟ್ಟ ಮೇಲೆ ಒಬ್ಬರೇ ಹೊರಟರು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಮಗನನ್ನು ಕೇಳುವ ಕೆಲಸವೂ ಉಳಿಯಲಿಲ್ಲ. ಬುತ್ತಿ ಕಟ್ಟಿಕೊಂಡು, ಆಧಾರ್ ಕಾರ್ಡನ್ನು ಕುಪ್ಪಸದೊಳಗೆ ಇಟ್ಟುಕೊಂಡು, ಹೊಸ ಮದುಮಗಳಂತೆ ಹೊರಡುವರು.

"ಅಲ್ಲಿ ಹೋಗಿ ಇಡೀ ದಿನ ಏನ್ ಮಾಡ್ತೀರಿ ಅತ್ತಿ?" ಎಂದು ಒಮ್ಮೆ ಕೇಳಿದ್ದೆ.

"ಏನೂ ಮಾಡಂಗಿಲ್ಲ" ಎಂದರು. "ಅಮ್ಮಗ ಕೈ ಮುಗಿತೀನಿ. ಹೊಳಿ ದಂಡಿಗೆ ಕುಂತು ರೊಟ್ಟಿ ತಿಂತೀನಿ. ಅಲ್ಲಿ ನನ್ನ ಯವ್ವಾ ಅನ್ನೋರಿಲ್ಲ, ಅತ್ತಿ ಅನ್ನೋರಿಲ್ಲ. ಒಂದ ದಿನ ಸುಮ್ನ ನಿಂಗವ್ವ ಆಗಿ ಕುಂದರ್ತೀನಿ."

ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಅಂಥ ಒಂದು ದಿನ ನನಗೂ ಬೇಕಿತ್ತು.

ಇಂಥ ಒಂದು ಹುಣ್ಣಿಮೆಯಂದು ಅವರು ಸಂಜೆಯಾದರೂ ಬರಲಿಲ್ಲ. ಅವರಿಗೊಂದು ಗುಂಡಿಯ ಫೋನು ಇತ್ತು, ಅದು ಮನೆಯ ಗೂಡಿನಲ್ಲಿ ಚಾರ್ಜಿಲ್ಲದೆ ಮಲಗಿತ್ತು. ನಮ್ಮ ಮನೆಯವರು (ಹೆಸರು ಹೇಳುವುದಿಲ್ಲ, ಆ ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದೇನೆ) ಬೀಜ-ಗೊಬ್ಬರದ ಅಂಗಡಿಯ ಬಾಗಿಲು ಎಳೆದು ಬೈಕಿನ ಮೇಲೆ ಹುಲಿಗಿಗೆ ಓಡಿದರು. ನಾನು ಮನೆಯಲ್ಲಿ ಕುಳಿತು ದೇವರ ಮುಂದೆ ದೀಪ ಹಚ್ಚಿ, ಅಳಲಿಕ್ಕೊಂದು ಕಿವಿ ಬೇಕೆಂದು ಗಂಗಾವತಿಯ ತವರಿಗೆ ಫೋನು ಹಚ್ಚಿದೆ.

"ಅವ್ವಾ, ನಮ್ಮ ಅತ್ತಿ ಹುಲಿಗಿಂದ ಬಂದಿಲ್ಲವ್ವಾ..." ಎಂದು ಶುರು ಮಾಡಿದರೆ, ನಮ್ಮವ್ವ ಆರಾಮವಾಗಿ, "ಅಯ್ಯ, ಬೀಗತಿ ಇಲ್ಲೇ ಅದಾರಲ್ಲಬೇ. ಉಂಡು ಅಡ್ಡಾಗ್ಯಾರ. ನೀವ ಕಳಿಸೀರಿ ಅಂತ ನಾ ತಿಳಕೊಂಡೀನಿ" ಎಂದಳು.

ಆದದ್ದಿಷ್ಟು. ಹುಲಿಗಿಯಲ್ಲಿ ಕೊಪ್ಪಳದ ಬಸ್ಸು ಯಾವಾಗಲೂ ಒಂದು ಬೇವಿನ ಮರದ ಕೆಳಗೆ ನಿಲ್ಲುತ್ತದೆ. ಅತ್ತೆಗೆ ಬೋರ್ಡು ಓದಲು ಬಾರದು, ಬೇವಿನ ಮರವೇ ಬೋರ್ಡು. ಅವತ್ತು ಹುಣ್ಣಿಮೆಯ ಗದ್ದಲದಲ್ಲಿ ಮರದ ಕೆಳಗೆ ಗಂಗಾವತಿಯ ಬಸ್ಸು ನಿಂತಿತ್ತು. ಹತ್ತಿ ಕುಳಿತರು. ಪಕ್ಕದ ಹೆಂಗಸು ಎಲ್ಲರ ಕಾರ್ಡುಗಳನ್ನು ಒಟ್ಟುಗೂಡಿಸಿ ಕಂಡಕ್ಟರನ ಕೈಗೆ ಕೊಟ್ಟು, "ಎಲ್ಲಾರೂ ಗಂಗಾವತಿ" ಎಂದಳು. ಅಷ್ಟರಲ್ಲಿ ಅತ್ತೆಗೆ ನಿದ್ದೆ ಬಂದಿತ್ತು. ಹಿಟ್ನಾಳದ ಹತ್ತಿರ ಬಸ್ಸು ತಿರುಗಿದ್ದು ತಿಳಿಯಲಿಲ್ಲ. ಎಚ್ಚರವಾದಾಗ ಎರಡೂ ಕಡೆ ಹಸಿರು ಗದ್ದೆ. 'ಕೊಪ್ಪಳದ ಹಾದಿಯೊಳಗ ನೆಲ್ಲು ಯಾವಾಗ ಹಚ್ಚಿದ್ರು' ಎಂದು ಯೋಚಿಸುತ್ತಲೇ ಗಂಗಾವತಿ ಬಂತಂತೆ. ಬಂದದ್ದು ಬಂದಾಯಿತು, ಬೀಗರ ಮನೆಗಾದರೂ ಹೋಗೋಣವೆಂದು ದಾರಿ ಕೇಳುತ್ತ ನನ್ನ ತವರಿಗೆ ಹೋಗಿ, ಹುಗ್ಗಿ ಉಂಡು ಮಲಗಿದ್ದರು.

ನಮ್ಮ ಮನೆಯವರು ತಿರುಗಿ ಬಂದಾಗ ಅವರ ಪ್ಯಾಂಟು ಮೊಣಕಾಲಿನ ತನಕ ಒದ್ದೆಯಾಗಿತ್ತು. ಹೊಳೆಯ ದಂಡೆಯಲ್ಲಿ ಎಲ್ಲೆಲ್ಲಿ ಇಳಿದು ಹುಡುಕಿದರೋ. ಫೋನಿನಲ್ಲಿ ನಾನು ಆಗಲೇ ಸುದ್ದಿ ಹೇಳಿದ್ದೆ; ಮನೆಗೆ ಬಂದು ಕಾಲು ತೊಳೆದುಕೊಂಡು ಕುಳಿತರು. ಮರುದಿನ ಅತ್ತೆ ಬಂದ ಮೇಲೆ ಮನೆಯಲ್ಲಿ ದೊಡ್ಡ ಪಂಚಾಯಿತಿ.

"ನೋಡವ್ವಾ, ಇನ್ನ ಒಬ್ಬಾಕಿನ ಹೋಗೋದು ಬಂದ್" ಎಂದರು ಮಗ. "ಬಸ್ ಯಾವುದು ಅನ್ನೋದ ತಿಳಿಯಂಗಿಲ್ಲ ನಿನಗ."

"ನಾ ಬಸ್ ತಪ್ಪಿ ಹತ್ತಿಲ್ಲೋ" ಎಂದರು ಅತ್ತೆ. "ಬಸ್ ತಪ್ಪಿ ನಿಂತಿತ್ತು."

ನನಗೆ ಚಪ್ಪಾಳೆ ಹೊಡೆಯಬೇಕೆನ್ನಿಸಿತು. ಆದರೆ ಗಂಡನ ಮುಖ ನೋಡಿ ಕೈಕಟ್ಟಿ ಕುಳಿತೆ. ಪಂಚಾಯಿತಿ ಮುಗಿಯುವ ಹೊತ್ತಿಗೆ ತೀರ್ಮಾನ ಹೀಗಿತ್ತು: ಅತ್ತೆ ಫೋನು ಒಯ್ಯಬೇಕು, ಮಗ ಫೋನು ಮಾಡಿದಾಗ ಎತ್ತಬೇಕು. ಎತ್ತಲು ಕಲಿತರೆ ಹುಲಿಗಿ, ಇಲ್ಲದಿದ್ದರೆ ಮನೆಯಲ್ಲೇ ಹುಲಿಗೆಮ್ಮನ ಫೋಟೋಕ್ಕೆ ಕೈಮುಗಿಯುವುದು. ಮರುವಾರವೇ ಒಂದು ದೊಡ್ಡ ಟಚ್ ಫೋನು ಬಂತು, ಅವರು ಎಲ್ಲಿದ್ದಾರೆಂದು ನಕ್ಷೆಯಲ್ಲಿ ಕಾಣುವಂಥದು. "ನೀ ಇದನ್ನ ಕಲಸ್ತೀಯಲ್ಲ, ಅವ್ವಗ ಬರೂವಂಗ ಮಾಡಿಕೊಡು" ಎಂದು ನನ್ನ ಕೈಗೆ ಕೊಟ್ಟರು.

ನಾನು ಸೆರಗು ಕಟ್ಟಿ ಕೂತೆ. ಬೇಡದ್ದನ್ನೆಲ್ಲ ತೆಗೆದೆ. ಪರದೆಯ ಮೇಲೆ ಮಗನ ಫೋಟೋ, ನನ್ನ ಫೋಟೋ, ಅಷ್ಟೇ, ಅಕ್ಷರದ ಹಂಗಿಲ್ಲ. ಬಳಸುವವರಿಗೆ ಪರಿಚಯವಾದದ್ದನ್ನು, ಪ್ರೀತಿಯಾದದ್ದನ್ನು ಕೊಡಬೇಕೆಂದು ಹಿಂದಿನ ದಿನವಷ್ಟೇ ಪಾಠ ಮಾಡಿದ್ದೆ. ಅದಕ್ಕೆ ಹಿನ್ನೆಲೆಗೆ ಹುಲಿಗೆಮ್ಮನ ಚಿತ್ರ ಹಾಕಿದೆ, ಪರದೆಯ ತುಂಬ, ಅರಿಶಿನ ಕುಂಕುಮದ ಸಮೇತ. ಅತ್ತೆ ನೋಡಿ ಕಣ್ಣಿಗೊತ್ತಿಕೊಂಡರು. "ಎಷ್ಟ್ ಛಲೋ ಮಾಡಿಯಬೇ" ಎಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರ ಬಾಯಿಂದ ಬಂದ ಮೊದಲ ಶಾಭಾಸ್‌ಗಿರಿ. ನನಗೆ ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ.

ಮೂರನೆಯ ದಿನ ಕ್ಲಾಸಿನಿಂದ ಅತ್ತೆಗೆ ಫೋನು ಮಾಡಿದೆ. ಹೋಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮನೆಗೆ ಬಂದು ನೋಡಿದರೆ ಫೋನು ದೇವರ ಜಗುಲಿಯ ಮೇಲೆ, ಹಿತ್ತಾಳೆಯ ಗಂಟೆಯ ಪಕ್ಕ ಕುಳಿತಿದೆ. ಅದಕ್ಕೆ ವಿಭೂತಿ ಹಚ್ಚಿದೆ. ಮೇಲೆ ಒಂದು ಕಣಗಲೆ ಹೂವು. ಪರೀಕ್ಷೆಗೆಂದು ಮತ್ತೆ ಫೋನು ಮಾಡಿದೆ. ಅದು ಜಗುಲಿಯ ಮೇಲೆ ಗುರ್ ಎಂದು ನಡುಗಿತು, ಹೂವು ಕೆಳಗೆ ಬಿತ್ತು. ಅಡುಗೆಮನೆಯಿಂದ ಅತ್ತೆ ಬಗ್ಗಿ ನೋಡಿ, "ಅಮ್ಮ ಪ್ರಸಾದ ಕೊಟ್ಲು ನೋಡು" ಎಂದು ಕೈಮುಗಿದರು.

"ಅತ್ತಿ, ಫೋನ್ ಯಾಕ ಎತ್ತಲಿಲ್ರಿ?"

"ಮುಸುರಿ ಕೈಲೆ ಎತ್ತಲೇನಬೇ? ಅದರಾಗ ನೀ ಹೇಳೋದು ನೋಡಿದ್ರ, ಅಮ್ಮನ ಮಾರಿ ಮ್ಯಾಲೆ ಬೆರಳ ಇಟ್ಟು ತಿಕ್ಕಬೇಕಂತ. ನನ್ನ ಕೈಲೆ ಆಗಂಗಿಲ್ಲ. ನಿನ್ನ ಗಂಡ ಬೇಕಾದ್ರ ತಿಕ್ಕಲಿ."

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂಬ ಗಾದೆಯನ್ನು ಇಷ್ಟು ನೇರವಾಗಿ ನಾನು ಎಂದೂ ಅನುಭವಿಸಿರಲಿಲ್ಲ. ಹುಲಿಗೆಮ್ಮನನ್ನು ತೆಗೆದು ಹೂವಿನ ಚಿತ್ರ ಹಾಕಿದೆ. ಅಮ್ಮನನ್ನು ಹೊರಗೆ ಹಾಕಿದ ಫೋನನ್ನು ಅತ್ತೆ ಮುಟ್ಟಲೇ ಇಲ್ಲ. ಅಷ್ಟರಲ್ಲಿ ಒಂದು ಹುಣ್ಣಿಮೆ ಹೋಯಿತು. ಅವತ್ತು ಅತ್ತೆ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಎಲ್ಲಿಗೂ ಹೋಗದೆ ಕಟ್ಟೆಯ ಮೇಲೆ ಕುಳಿತರು. ಊಟಕ್ಕೆ ಕರೆದರೆ "ಹಸಿವಿಲ್ಲ" ಎಂದರು. ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಕ್ಲಾಸಿನಲ್ಲಿ ಈ ಕತೆಯನ್ನು ಅರ್ಧ ನಗೆಯಲ್ಲೇ ಹೇಳಿದೆ. ಮಕ್ಕಳು ಜಗುಲಿಯ ಭಾಗಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ರೇಣುಕಾ, "ಮೇಡಂ, ಅವರಿಗೆ ಏನ್ ಬೇಕು ಅಂತ ಕೇಳೀರೇನ್ರಿ? ಮೊದಲ ಕೇಳಬೇಕು ಅಂತ ನೀವ ಹೇಳಿದ್ರಲ್ರಿ" ಎಂದಳು. ಹೌದು, ಅದು ಮೊದಲ ವಾರದ ಪಾಠ. ನಾನು ಅತ್ತೆಯ ಮಗನಿಗೆ ಏನು ಬೇಕೆಂದು ಕೇಳಿದ್ದೆ, ಫೋನಿಗೆ ಏನು ಬೇಕೆಂದೂ ನೋಡಿದ್ದೆ.

ಸಂಜೆ ಅತ್ತೆ ಪುಂಡಿಪಲ್ಯ ಸೋಸುತ್ತ ಕುಳಿತಿದ್ದರು. ನಾನೂ ಒಂದು ಕಟ್ಟು ಎಳೆದುಕೊಂಡು ಕುಳಿತೆ.

"ಅತ್ತಿ, ಫೋನಿನ್ಯಾಗ ನಿಮಗ ಏನ್ ಬೇಕು ಹೇಳ್ರಿ. ಹಂಗ ಮಾಡ್ತೀನಿ."

"ನನಗ ಫೋನ್ ಬ್ಯಾಡಬೇ. ನನಗ ಹುಲಿಗಿ ಬೇಕು."

"ಫೋನ್ ಇಲ್ಲಾಂದ್ರ ಅವರು ಬಿಡಂಗಿಲ್ರಿ."

ಅತ್ತೆ ಒಂದು ಕಡ್ಡಿಯ ಎಲೆಗಳನ್ನೆಲ್ಲ ಬಿಡಿಸಿ, ಕಡ್ಡಿ ಬಿಸಾಡಿ, ಆಮೇಲೆ ಹೇಳಿದರು: "ಅಂಜೋರು ನೀವು. ಫೋನ್ ಹೊರಾಕಿ ನಾನು. ಇದು ಯಾವ ನ್ಯಾಯ ಹೇಳು?"

ಫೋನು ಯಾರಿಗಾಗಿ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಎಲ್ಲರೂ ತಪ್ಪು ಉತ್ತರ ಬರೆದಿದ್ದೆವು. ಅದರ ಬಳಕೆದಾರರು ಅತ್ತೆ ಅಲ್ಲವೇ ಅಲ್ಲ, ಅವರ ಮಗ. ಅವತ್ತು ಹೊಳೆಗೆ ಇಳಿದು ಒದ್ದೆಯಾದ ಪ್ಯಾಂಟು ನನ್ನ ಕಣ್ಣಮುಂದೆ ಬಂತು. ಅಂಜಿಕೆಯೂ ಸುಳ್ಳಲ್ಲ. ಇಬ್ಬರೂ ನನ್ನವರೇ, ನಡುವೆ ಈ ಒಂದು ಫೋನು.

ಗೂಡಿನಲ್ಲಿದ್ದ ಹಳೆಯ ಗುಂಡಿಯ ಫೋನನ್ನು ತೆಗೆದೆ. ಚಾರ್ಜಿಗೆ ಹಾಕಿದೆ. ಅದರಲ್ಲಿ ದೇವರಿಲ್ಲ, ನಕ್ಷೆಯಿಲ್ಲ. ಎಡಕ್ಕೊಂದು ಹಸಿರು ಗುಂಡಿ, ಬಲಕ್ಕೊಂದು ಕೆಂಪು. ಎರಡರ ಬಣ್ಣವೂ ತಿಕ್ಕಿ ತಿಕ್ಕಿ ಮಾಸಿತ್ತು. ಅತ್ತೆಯ ಕಣ್ಣೂ ಈಗ ಅಷ್ಟು ಚುರುಕಿಲ್ಲ. ಕನ್ನಡಿಯಿಂದ ಒಂದು ಹರಳಿನ ಟಿಕಳಿ ಕಿತ್ತು ತಂದೆ.

ಅತ್ತೆ ಹಿಂದಕ್ಕೆ ಸರಿದರು. "ನನಗ ಯಾಕಬೇ ಇನ್ನ ಟಿಕಳಿ?" ಮಾವ ಹೋದ ಮೇಲೆ ಅವರು ಹಣೆಗೆ ವಿಭೂತಿ, ಹುಲಿಗಿಯ ಅರಿಶಿನ ಭಂಡಾರ ಬಿಟ್ಟು ಬೇರೆ ಹಚ್ಚಿದವರಲ್ಲ. ದನಿ ಸ್ವಲ್ಪ ತಗ್ಗಿತ್ತು.

"ನಿಮಗಲ್ರಿ, ಫೋನಿಗೆ."

"ಫೋನಿಗೆ ಗಂಡ ಅದಾನೇನು?"

"ನಿಮ್ಮ ಮಗ ದಿನಾ ಫೋನಿನ ಕೂಡ ಒದರಾಡ್ತಾರ ನೋಡ್ರಿ. ಗಂಡ ಅಲ್ಲಾಂದ್ರ ಅಷ್ಟು ಒದರ್ತಾರೇನ್ರಿ?"

ಅತ್ತೆ ಪುಂಡಿಪಲ್ಯ ಕೆಳಗಿಟ್ಟು, ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಟಿಕಳಿಯನ್ನು ಹಸಿರು ಗುಂಡಿಗೆ ಒತ್ತಿದೆ. "ಗುರ್ ಅಂದ ಕೂಡಲೆ ಚೀಲದಾಗ ಕೈ ಹಾಕ್ರಿ. ನೋಡಬ್ಯಾಡ್ರಿ. ಹರಳು ಹೆಬ್ಬಟ್ಟಿಗೆ ಹತ್ತಿತಂದ್ರ ಒತ್ರಿ. ಮಾತಾಡ್ರಿ. ಅದರ ಬಾಜೂಕಿನ ಕೆಂಪು ಒತ್ತಬ್ಯಾಡ್ರಿ, ಕಟ್ ಆಗ್ತೈತಿ." ಎರಡು ಸಂಜೆ ತಾಲೀಮು ನಡೆಯಿತು. ಮಗ ಅಂಗಡಿಯಿಂದ ಮಾಡಿದ ಫೋನು ಎತ್ತಿ, "ಹಲೋ, ಬರ್ತಾ ಕೊತ್ತಂಬರಿ ತಾ" ಎಂದು ಆಜ್ಞೆಯನ್ನೂ ಕೊಟ್ಟರು. ಮಗ ಒಪ್ಪಿದರು.

ಮುಂದಿನ ಹುಣ್ಣಿಮೆಗೆ ಅತ್ತೆ ಹುಲಿಗಿಗೆ ಹೊರಟರು. ಬುತ್ತಿ, ಆಧಾರ್ ಕಾರ್ಡು, ಚೀಲದಲ್ಲಿ ಫೋನು. ಓಣಿಯ ತಿರುವಿನ ತನಕ ಹಿಂತಿರುಗಿ ನೋಡಲಿಲ್ಲ.

ಬೆಳಿಗ್ಗೆಯಿಂದ ಅಂಗಡಿಯಲ್ಲಿ ಕುಳಿತು ಹಚ್ಚಿದ ಫೋನೆಲ್ಲ ಕಟ್ಟಾಗಿದ್ದವಂತೆ; ಮಧ್ಯಾಹ್ನ ಊಟಕ್ಕೆ ಬಂದ ನಮ್ಮ ಮನೆಯವರು ತಟ್ಟೆಯ ಮುಂದೆ ಕುಳಿತು ಮತ್ತೆ ಫೋನು ಹಚ್ಚಿದರು. ಒಂದು ಸಲ ಗುರ್ ಎಂದು ಕಟ್ಟಾಯಿತು. ಮತ್ತೆ ಹಚ್ಚಿದರು. ಮತ್ತೆ ಕಟ್ಟು. ಅವರ ಮುಖ ಇಳಿಯಿತು. "ಯಾರರ ಕಸಗೊಂಡಾರೇನ?" ಎಂದರು. ಮತ್ತೊಮ್ಮೆ ಹಚ್ಚಿದರು, ಕಟ್ಟು. ರೊಟ್ಟಿ ಅಲ್ಲೇ ಬಿಟ್ಟು ಬೈಕಿನ ಕೀಲಿ ಹುಡುಕತೊಡಗಿದರು. ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಅತ್ತೆ ಗೇಟು ತೆರೆದು ಒಳಗೆ ಬಂದರು, ಎಂದಿಗಿಂತ ಬೇಗ. ಹಣೆಯ ತುಂಬ ಭಂಡಾರ, ಮುಖದಲ್ಲಿ ಸಿಟ್ಟು.

"ಉಣ್ಣಾಕ ಬಿಡವಲ್ಲಿ, ಕುಂದರಾಕ ಬಿಡವಲ್ಲಿ. ಚೀಲ ಗುರ್ ಗುರ್ ಅಂತ ಮಂದಿ ಎಲ್ಲಾ ನನ್ನ ನೋಡಾಕ ಹತ್ತಿತು. ಎದ್ದು ಬಂದೆ."

"ಮತ್ತ ಎತ್ತಬೇಕಿಲ್ಲೇನಬೇ? ನನ್ನ ಜೀವ ಹೋಗೋದು ಬಾಕಿ ಇತ್ತು!" ಮಗನ ದನಿ ಏರಿತ್ತು.

"ಎತ್ತಿದ್ರ ಏನಂತಿದ್ದಿ? ಎಲ್ಲದೀ ಅಂತಿದ್ದಿ. ಉಂಡಿ ಏನಂತಿದ್ದಿ. ಲಗೂ ಬಾ ಅಂತಿದ್ದಿ. ಅದಕ್ಕ ಕಟ್ ಮಾಡಿದೆ."

"ನನಗೇನ್ ತಿಳೀಬೇಕು, ಇದ್ದೀಯೋ ಇಲ್ಲೋ ಅಂತ?"

ಅತ್ತೆ ಚೀಲ ಕೆಳಗಿಟ್ಟರು. "ಕಟ್ ಮಾಡಾಕ ಒಂದು ಜೀವ ಬೇಕಿಲ್ಲೇನೋ, ಖೋಡಿ? ಕಟ್ ಆತು ಅಂದ್ರ ನಿಮ್ಮವ್ವ ಆರಾಮ ಅದಾಳ ಅಂತ ತಿಳಕೊ. ಕಟ್ ಆಗಲಿಲ್ಲಂದ್ರ ಆವಾಗ ಅಂಜು."

ನಾನು ಚೀಲದಿಂದ ಫೋನು ತೆಗೆದು ನೋಡಿದೆ. ಟಿಕಳಿ ಹಸಿರು ಗುಂಡಿಯ ಮೇಲಿರಲಿಲ್ಲ. ಅತ್ತೆ ಅದನ್ನು ಉಗುರಿನಿಂದ ಎಬ್ಬಿಸಿ ಕೆಂಪಿನ ಮೇಲೆ ಕೂಡಿಸಿದ್ದರು.

ಅಂದಿನಿಂದ ಅದೇ ಪದ್ಧತಿ ನಡೆದುಬಂದಿದೆ. ಹುಣ್ಣಿಮೆಯ ಮಧ್ಯಾಹ್ನ ನಮ್ಮ ಮನೆಯವರು ಒಂದೇ ಸಲ ಫೋನು ಮಾಡುತ್ತಾರೆ, ಅದು ಮಾತಾಗಿದೆ. ಹುಲಿಗಿಯ ಹೊಳೆದಂಡೆಯಲ್ಲಿ ಅತ್ತೆ ಚೀಲದೊಳಗೆ ಕೈಹಾಕಿ, ಹರಳು ಹುಡುಕಿ, ಕಟ್ ಮಾಡುತ್ತಾರೆ. ನಮ್ಮ ಮನೆಯವರು "ಹಾಂ, ಅದಾಳ" ಎಂದು ರೊಟ್ಟಿ ಮುರಿಯುತ್ತಾರೆ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಮಕ್ಕಳು ಬರೆದುಕೊಂಡರು. ನಮ್ಮ ಸರ್ ಮಾತ್ರ ಇದೂ ಸಿಲಬಸ್ಸಿನಲ್ಲಿಲ್ಲ ಎಂದರು.

ಇಷ್ಟರಲ್ಲೇ ಮುಗಿಯುತ್ತಿತ್ತು. ಮೊನ್ನೆಯ ಹುಣ್ಣಿಮೆ ಬಂತು ನೋಡಿ. ನಮ್ಮ ಮನೆಯವರು ಎಂದಿನಂತೆ ಫೋನು ಹಚ್ಚಿ, ಕಟ್ಟಾಗುವುದನ್ನು ಕಾಯುತ್ತ, ಇನ್ನೊಂದು ಕೈಯಿಂದ ಶೇಂಗಾ ಚಟ್ನಿ ಹಾಕಿಕೊಳ್ಳುತ್ತಿದ್ದರು. ಆಚೆಯಿಂದ "ಹಲೋ" ಎಂದಿತು.

ಚಟ್ನಿಯ ಚಮಚ ಕೆಳಗೆ ಬಿತ್ತು. "ಯವ್ವಾ! ಏನಾತಬೇ? ಎಲ್ಲದೀ? ಬಿದ್ದಿ ಏನು?" ಅವರು ಕೂಗುವುದಕ್ಕೆ ಓಣಿಯೇ ಎದ್ದುನಿಲ್ಲಬೇಕು. ಸ್ಪೀಕರಿಗೆ ಹಾಕಲು ನಾನೇ ಕೈಚಾಚಿ ಒತ್ತಿದೆ.

"ಏನೂ ಆಗಿಲ್ಲೋ, ಒದರಬ್ಯಾಡ" ಎಂದಿತು ಅತ್ತೆಯ ದನಿ. "ಟಿಕಳಿ ಉದರೈತಿ. ಯಾವುದು ಕೆಂಪು ಅಂತ ಸಿಗಲಿಲ್ಲ, ಒಂದು ಒತ್ತಿದೆ. ಈಗ ನೀನ ಕಟ್ ಮಾಡು."

ಅಷ್ಟು ಹೇಳಿ ಫೋನನ್ನು ಚೀಲಕ್ಕೆ ಹಾಕಿಬಿಟ್ಟರೆಂದು ಕಾಣುತ್ತದೆ. ನಮ್ಮ ಮನೆಯವರು ಕಟ್ ಮಾಡಲಿಲ್ಲ. ಫೋನು ತಟ್ಟೆಯ ಪಕ್ಕದಲ್ಲಿತ್ತು. ಅದರೊಳಗಿಂದ ದೂರದ ಗಂಟೆ, ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು, ಜನರ ಗುಜುಗುಜು. ಒಬ್ಬ ಹೆಂಗಸಿನ ದನಿ, "ಯಾರಬೇ ಅದು, ಫೋನಿನ್ಯಾಗ?" ಎಂದು ಕೇಳಿತು.

"ನನ್ನ ಮಗ" ಎಂದರು ಅತ್ತೆ. "ನಾ ಕಾಣಲಿಲ್ಲಂದ್ರ ಅಂಜ್ತಾನ. ಸಣ್ಣಾಂವ ಇದ್ದಾಗಿಂದ ಹಂಗ. ಅವಂಗ ಧೈರ್ಯ ಬರಲಿ ಅಂತ ಅಮ್ಮಗ ಬೇಡಿಕೊಳ್ಳಾಕ ಬರ್ತೀನಿ, ಮತ್ತೇನೈತಿ ನಂದು."

ನಾನು ತಲೆ ಎತ್ತಲಿಲ್ಲ. ನಮ್ಮ ಮನೆಯವರು ಮೆಲ್ಲಗೆ ಬೆರಳು ಚಾಚಿ ಕೆಂಪು ಒತ್ತಿದರು. ಊಟ ಮುಗಿಸಿ ಅಂಗಡಿಗೆ ಹೋದರು.

ಸಂಜೆ ಅತ್ತೆ ಬಂದು ಚೀಲ ಇಟ್ಟು ಕಾಲು ತೊಳೆಯಲು ಹಿತ್ತಲಿಗೆ ಹೋದರು. ನಾನು ಹೊಸ ಟಿಕಳಿ ಹಚ್ಚೋಣವೆಂದು ಕನ್ನಡಿಯ ಹತ್ತಿರ ಹೋದರೆ, ನಮ್ಮ ಮನೆಯವರು ನನಗಿಂತ ಮೊದಲು ಅಲ್ಲಿ ನಿಂತಿದ್ದರು. ಕನ್ನಡಿಯ ಅಂಚಿನ ಸಾಲಿನಿಂದ ಒಂದು ಟಿಕಳಿಯನ್ನು ದಪ್ಪ ಉಗುರಿನಿಂದ ಎಬ್ಬಿಸುತ್ತಿದ್ದರು. ತಾಯಿಯ ಫೋನನ್ನು ಬೆಳಕಿಗೆ ಹಿಡಿದು, ಕೆಂಪು ಯಾವುದೆಂದು ಎರಡು ಸಲ ನೋಡಿ, ಅದರ ಮೇಲೆ ಟಿಕಳಿ ಇಟ್ಟು, ಉದುರದ ಹಾಗೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡು ನಿಂತರು.